ಉಕ್ಕಿನ ಊರಿನ ತೋಟಗಳು ಯಾರ ಲೆಕ್ಕಕ್ಕೆ?

ಶೆಫೀಲ್ಡ್ ಅಂದರೆ ಉಕ್ಕು. ಹಳೇ ಕಾಲದ ಚಾಕು, ಚಮಚ, ಕ್ಷೌರದ ಕತ್ತಿಗಳ ಮೇಲೆ ಈ ಊರಿನ ಹೆಸರು ಕೊರೆದಿರುತ್ತಿತ್ತು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದ ಕೆಲಸದವರು ಮೂಸೆಯಲ್ಲಿ ಉಕ್ಕು ಕರಗಿಸುವ ವಿಧಾನ ಕಂಡುಹಿಡಿದದ್ದು ಇಲ್ಲೇ. 1913ರಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ಎರಕ ಹೊಯ್ದದ್ದೂ ಇಲ್ಲೇ. ನಮ್ಮ ಅಡುಗೆಮನೆಯ ಸ್ಟೀಲ್ ತಟ್ಟೆ, ಲೋಟ, ಡಬ್ಬಿಗಳಿಗೆ ಈ ಊರಿನ ಜೊತೆ ಒಂದು ಹಳೇ ನೆಂಟಸ್ತಿಕೆ ಇದೆ ಅಂದರೂ ತಪ್ಪಿಲ್ಲ.

ಆದರೆ ಈ ತಿಂಗಳು ನಾವು ಬರೆಯುತ್ತಿರೋದು ಉಕ್ಕಿನ ಬಗ್ಗೆ ಅಲ್ಲ. ಈ ಊರಿನ ತೋಟ, ಪಾರ್ಕು, ಬೀದಿ ಮರಗಳ ಬಗ್ಗೆ. ಅದಕ್ಕೆ ಕಾರಣ ಇದೆ. ನಮ್ಮವರು ಬಹಳಷ್ಟು ಜನ ಕೇರ್ ಹೋಮ್, ಆಸ್ಪತ್ರೆ, ವೇರ್‌ಹೌಸ್, ಆಫೀಸು ಅಂತ ದುಡಿದು, ಬಾಡಿಗೆ ರೂಮಿಗೆ ಬಂದು ಮಲಗುತ್ತಾರೆ. ದಾರಿಯಲ್ಲಿ ಪಾರ್ಕಿನ ಗೇಟು ದಿನಾ ಸಿಗುತ್ತದೆ, ಒಳಗೆ ಕಾಲಿಡೋದಿಲ್ಲ. ಕೇಳಿದರೆ ಉತ್ತರಗಳು ಒಂದೊಂದು ಥರ. "ಟಿಕೆಟ್ ಇರಬಹುದು." "ಅದು ಅವರ ಜಾಗ, ನಮಗ್ಯಾಕೆ?" ಇನ್ನೂ ಕೆಲವರು, "ನಮ್ಮ ವೀಸಾದಲ್ಲಿ ಪಬ್ಲಿಕ್ ಫಂಡ್ಸ್ ಇಲ್ಲ ಅಂತ ಬರೆದಿದೆಯಲ್ಲ" ಅಂತ ಹಿಂಜರಿಯುತ್ತಾರೆ. ಈ ತೋಟಗಳು ಯಾರ ದುಡ್ಡಿನಲ್ಲಿ ಆದವು, ಯಾರು ಉಳಿಸಿಕೊಂಡರು, ಅದರಲ್ಲಿ ನಮ್ಮ ಪಾಲು ಏನು ಅಂತ ಒಮ್ಮೆ ಲೆಕ್ಕ ಹಾಕಿ ನೋಡೋಣ.

ಹೊಗೆಯ ನಡುವೆ ಹುಟ್ಟಿದ ತೋಟಗಳು

ಡಾನ್, ಶೀಫ್, ಪೋರ್ಟರ್, ರಿವಲಿನ್, ಲಾಕ್ಸ್‌ಲೀ ಎಂಬ ಐದು ಹೊಳೆಗಳ ಊರು ಶೆಫೀಲ್ಡ್. ಮೊದಲು ಹೊಳೆಯ ನೀರಿನಿಂದ ಸಾಣೆಕಲ್ಲು ತಿರುಗಿತು, ಆಮೇಲೆ ಕಲ್ಲಿದ್ದಲಿನಿಂದ ಕುಲುಮೆ ಉರಿಯಿತು. ಊರಿನ ಪೂರ್ವಕ್ಕೆ, ಡಾನ್ ನದಿಯ ಬಯಲಿನಲ್ಲಿ ಕಾರ್ಖಾನೆ ಮತ್ತು ಕೂಲಿಯವರ ಮನೆಗಳು ಒತ್ತಾಗಿ ಬೆಳೆದವು. ಹಣವಂತರು ಹೊಗೆ ತಾಕದ ಪಶ್ಚಿಮದ ಗುಡ್ಡಗಳ ಕಡೆ ಮನೆ ಕಟ್ಟಿಕೊಂಡರು.

1836ರಲ್ಲಿ ಇಲ್ಲಿ ಬೊಟಾನಿಕಲ್ ಗಾರ್ಡನ್ಸ್ ತೆರೆಯಿತು. ವಿನ್ಯಾಸ ರಾಬರ್ಟ್ ಮಾರ್ನಾಕ್ ಅವರದ್ದು. 19 ಎಕರೆ ಜಾಗ, ಉದ್ದನೆಯ ಗಾಜಿನ ಮನೆ, ಕರಡಿ ಸಾಕಲು ಒಂದು ಗುಂಡಿ ಕೂಡ ಇತ್ತು. ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆ 1889ರದ್ದು, ಇದು ಅದಕ್ಕಿಂತ ಅರ್ಧ ಶತಮಾನ ಹಳೆಯದು. ಆದರೆ ಮೊದಲಿಗೆ ಇದು ಷೇರುದಾರರ, ಚಂದಾದಾರರ ತೋಟ. ಕಾರ್ಖಾನೆಯ ಕೂಲಿಯವನಿಗೆ ವರ್ಷದ ಕೆಲವು ವಿಶೇಷ ದಿನ ಬಿಟ್ಟರೆ ಪ್ರವೇಶ ಇರಲಿಲ್ಲ. 1898ರಲ್ಲಿ ಟೌನ್ ಟ್ರಸ್ಟ್ ಇದನ್ನು ವಹಿಸಿಕೊಂಡ ಮೇಲೆ ಗೇಟು ಎಲ್ಲರಿಗೂ ಉಚಿತವಾಗಿ ತೆರೆಯಿತು. ಇವತ್ತಿಗೂ ಟಿಕೆಟ್ ಇಲ್ಲ.

ಅಂದರೆ ತೋಟ ಆದ ದಿನವೇ ಎಲ್ಲರದ್ದಾಗಲಿಲ್ಲ. ಎಲ್ಲರದ್ದಾಗಲು ಅರವತ್ತು ವರ್ಷ ಬೇಕಾಯಿತು. 1848ರಲ್ಲಿ ನಾರ್ಫೋಕ್ ಡ್ಯೂಕ್ ಮನೆತನದವರು ನಾರ್ಫೋಕ್ ಪಾರ್ಕನ್ನು ಜನರಿಗೆ ತೆರೆದರು. 1875ರಲ್ಲಿ ವೆಸ್ಟನ್ ಪಾರ್ಕ್ ಬಂತು. ಊರಿನ ಆಡಳಿತವೇ ಜಾಗ ಕೊಂಡು ಮಾಡಿದ ಮೊದಲ ಪಾರ್ಕು ಅದು. 1887ರಲ್ಲಿ ವಿಕ್ಟೋರಿಯಾ ರಾಣಿಯ ಐವತ್ತನೇ ವರ್ಷದ ನೆನಪಿಗೆ ಎಂಡ್‌ಕ್ಲಿಫ್ ಪಾರ್ಕ್ ಆಯಿತು.

ಇಲ್ಲಿ ಜೆ. ಜಿ. ಗ್ರೇವ್ಸ್ ಅವರ ಹೆಸರು ಹೇಳಲೇಬೇಕು. ಅವರೂ ನಮ್ಮ ಹಾಗೆ ಹೊರಗಿನಿಂದ ಬಂದವರೇ. ಲಿಂಕನ್‌ಶೈರ್ ಕಡೆಯವರು, ಹುಡುಗರಾಗಿದ್ದಾಗ ಗಡಿಯಾರದ ಕೆಲಸ ಕಲಿಯಲು ಶೆಫೀಲ್ಡಿಗೆ ಬಂದರು. ಅಂಚೆಯಲ್ಲಿ ಆರ್ಡರ್ ಪಡೆದು ಕೈಗಡಿಯಾರ ಮತ್ತಿತರ ಸಾಮಾನು ಕಂತಿನ ಮೇಲೆ ಮಾರಿ ದೊಡ್ಡ ಸಾಹುಕಾರರಾದರು. 1925ರಲ್ಲಿ ನಾರ್ಟನ್ ಹಾಲ್ ಎಂಬ ಬಂಗಲೆಯ ವಿಶಾಲ ಜಾಗ ಸೈಟುಗಳಾಗಿ ಹೋಗುವುದರಲ್ಲಿತ್ತು. ಗ್ರೇವ್ಸ್ ಅದನ್ನು ಕೊಂಡು ಊರಿಗೆ ಕೊಟ್ಟುಬಿಟ್ಟರು. ಇವತ್ತು ಅದೇ ಗ್ರೇವ್ಸ್ ಪಾರ್ಕ್, ಊರಿನ ಅತಿ ದೊಡ್ಡ ಪಾರ್ಕು. ಒಳಗೆ ಕೆರೆ, ಕಾಡು, ಮೈತುಂಬ ಕೂದಲಿನ ಹೈಲ್ಯಾಂಡ್ ದನಗಳು ಎಲ್ಲಾ ಇವೆ. ಮಕ್ಕಳನ್ನು ಕರೆದುಕೊಂಡು ಹೋದವರಿಗೆ ವಾಪಸ್ ಕರೆತರೋದೇ ಕಷ್ಟ.

ಕುಲುಮೆ ಆರಿದ ಮೇಲೆ

ಭದ್ರಾವತಿ ಕಡೆಯವರಿಗೆ, ಕೆಜಿಎಫ್ ಕಡೆಯವರಿಗೆ ದೊಡ್ಡ ಉದ್ಯಮ ಸೊರಗಿದರೆ ಊರು ಹೇಗಾಗುತ್ತೆ ಅಂತ ನಾವು ಬಿಡಿಸಿ ಹೇಳಬೇಕಾಗಿಲ್ಲ. ಶೆಫೀಲ್ಡಿಗೆ ಆ ಕಾಲ ಬಂದದ್ದು 1980ರ ದಶಕದಲ್ಲಿ. ಒಂದಾದ ಮೇಲೆ ಒಂದು ಉಕ್ಕಿನ ಕಾರ್ಖಾನೆ ಮುಚ್ಚಿತು, ಹತ್ತಾರು ಸಾವಿರ ಜನರ ಕೆಲಸ ಹೋಯಿತು. ಹ್ಯಾಡ್‌ಫೀಲ್ಡ್ಸ್ ಎಂಬ ದೊಡ್ಡ ಕಾರ್ಖಾನೆ ಇದ್ದ ಜಾಗದಲ್ಲಿ 1990ರಲ್ಲಿ ಮೆಡೋಹಾಲ್ ಶಾಪಿಂಗ್ ಸೆಂಟರ್ ಎದ್ದಿತು. ನಮ್ಮಲ್ಲಿ ಎಷ್ಟೋ ಜನ ವಾರದ ಕೊನೆಗೆ ಅಲ್ಲಿ ಸುತ್ತಾಡುತ್ತಾರೆ, ಕಾಲ ಕೆಳಗೆ ಉಕ್ಕಿನ ಕಾರ್ಖಾನೆಯ ನೆಲ ಇದೆ ಅಂತ ಗೊತ್ತಿರೋದಿಲ್ಲ.

ಅದೇ ಮೆಡೋಹಾಲ್‌ನಿಂದ ಊರಿನ ನಡುವಿನ ತನಕ ಡಾನ್ ನದಿ ಪಕ್ಕದಲ್ಲೇ ಕಾಲುದಾರಿ ಇದೆ. ಹೆಸರು ಫೈವ್ ವಿಯರ್ಸ್ ವಾಕ್, ಐದು ಅಣೆಕಟ್ಟೆಗಳ ದಾರಿ. ಈ ದಡದಲ್ಲಿ ಒಂದು ವಿಚಿತ್ರ ಕಾಣುತ್ತದೆ: ಅಂಜೂರದ ಮರಗಳು! ಯಾರೂ ನೆಟ್ಟದ್ದಲ್ಲ. ಕಾರ್ಖಾನೆಗಳು ಬಿಸಿ ಉಕ್ಕು ತಣಿಸಲು ನದಿ ನೀರು ಬಳಸಿ ವಾಪಸ್ ನದಿಗೇ ಬಿಡುತ್ತಿದ್ದವು. ಹಾಗಾಗಿ ಚಳಿಗಾಲದಲ್ಲೂ ನದಿ ಬೆಚ್ಚಗಿರುತ್ತಿತ್ತು. ಊರವರು ತಿಂದ ಅಂಜೂರದ ಬೀಜ ಕೊಳಚೆ ನೀರಿನ ಜೊತೆ ನದಿ ಸೇರಿ, ಆ ಬೆಚ್ಚಗಿನ ದಡದಲ್ಲಿ ಮೊಳೆತು ಬೇರೂರಿತು. ಕಾರ್ಖಾನೆ ಹೋದವು, ನದಿ ತಣ್ಣಗಾಯಿತು, ಮರಗಳು ಮಾತ್ರ ಉಳಿದವು. ಈಗ ಅವಕ್ಕೆ ಕಾನೂನಿನ ರಕ್ಷಣೆ ಇದೆ. ಬಿಸಿಲೂರಿನ ಗಿಡ ಈ ಚಳಿಯೂರಿನಲ್ಲಿ ಕಾರ್ಖಾನೆಯ ದೆಸೆಯಿಂದ ಬದುಕಿಕೊಂಡದ್ದು ನಮ್ಮಂಥವರಿಗೆ ಸುಲಭವಾಗಿ ಅರ್ಥ ಆಗುವ ಸಂಗತಿ.

ಊರಿನ ಆಡಳಿತ ಖಾಲಿ ಬಿದ್ದ ಜಾಗಗಳಿಗೆ ನಿಧಾನವಾಗಿ ಹಸಿರು ತಂದಿತು. 1998ರಲ್ಲಿ ಟೌನ್ ಹಾಲ್ ಪಕ್ಕದ ಪೀಸ್ ಗಾರ್ಡನ್ಸ್ ಹೊಸದಾಯಿತು. 2003ರಲ್ಲಿ ಎಲಿಜಬೆತ್ ರಾಣಿ ವಿಂಟರ್ ಗಾರ್ಡನ್ ಉದ್ಘಾಟಿಸಿದರು. ಸುಮಾರು 70 ಮೀಟರ್ ಉದ್ದ, 21 ಮೀಟರ್ ಎತ್ತರದ ಮರದ ಕಮಾನು, ಅದಕ್ಕೆ ಗಾಜಿನ ಹೊದಿಕೆ, ಒಳಗೆ ಬೇರೆಬೇರೆ ದೇಶದ 2,000ಕ್ಕೂ ಹೆಚ್ಚು ಗಿಡಗಳು. ರೈಲ್ವೆ ಸ್ಟೇಷನ್ನಿಂದ ಹತ್ತು ನಿಮಿಷದ ನಡಿಗೆ. ಜನವರಿಯ ಚಳಿಯಲ್ಲಿ ಶಿಫ್ಟ್ ಮುಗಿಸಿ ಒಂದು ಗಂಟೆ ಕೂರಲು ಇದಕ್ಕಿಂತ ಒಳ್ಳೇ ಜಾಗ ಇಲ್ಲ, ಯಾರೂ ಏಳು ಅನ್ನೋದಿಲ್ಲ.

2007ರ ಜೂನ್ 25ರಂದು ಡಾನ್ ನದಿ ಉಕ್ಕಿ ಊರು ಮುಳುಗಿತು, ಇಬ್ಬರು ಜೀವ ಕಳೆದುಕೊಂಡರು. ಅದಾದ ಮೇಲೆ ನೀರಿಗೆ ಇಂಗಲು ಜಾಗ ಬೇಕು ಅನ್ನೋದು ಎಲ್ಲರಿಗೂ ಮನದಟ್ಟಾಯಿತು. ವೆಸ್ಟ್ ಬಾರ್ ಹತ್ತಿರ ಮೊದಲು ವಾಹನ ಓಡುತ್ತಿದ್ದ ರಸ್ತೆಯ ಒಂದು ಭಾಗ ಅಗೆದು ಹೂವಿನ ಪಾತಿ ಮಾಡಿದರು. 2016ರಲ್ಲಿ ಮೊದಲ ಹಂತ ಮುಗಿದ ಈ ಯೋಜನೆಯ ಹೆಸರು ಗ್ರೇ ಟು ಗ್ರೀನ್. ಮಳೆ ನೀರು ಸೀದಾ ಚರಂಡಿಗೆ ಓಡದೆ ಪಾತಿಯಲ್ಲಿ ನಿಂತು, ಇಂಗಿ, ನಿಧಾನವಾಗಿ ನದಿ ಸೇರುತ್ತದೆ.

ಒಪ್ಪಂದದೊಳಗಿನ 17,500

ಇಷ್ಟೆಲ್ಲ ಹಸಿರು ತಂದ ಊರಿನಲ್ಲೇ ಮರಗಳ ದೊಡ್ಡ ಜಗಳವೂ ಆಯಿತು. ಲೆಕ್ಕ ಬರೆದು ಬದುಕುವ ನಮಗೆ ಈ ಕಥೆಯಲ್ಲಿ ಬಹಳ ಮುಖ್ಯ ಅನ್ನಿಸಿದ್ದು ಈ ಭಾಗವೇ.

2012ರಲ್ಲಿ ಶೆಫೀಲ್ಡ್ ಕೌನ್ಸಿಲ್ ರಸ್ತೆ, ಫುಟ್‌ಪಾತ್, ಬೀದಿದೀಪ ಎಲ್ಲವನ್ನೂ ಸರಿಪಡಿಸಿ ನೋಡಿಕೊಳ್ಳಲು ಏಮಿ ಎಂಬ ಕಂಪನಿಗೆ 25 ವರ್ಷದ ಗುತ್ತಿಗೆ ಕೊಟ್ಟಿತು. ಮೊತ್ತ 200 ಕೋಟಿ ಪೌಂಡಿಗೂ ಹೆಚ್ಚು. ಬೀದಿ ಬದಿಯ ಸುಮಾರು 36,000 ಮರಗಳೂ ಅದೇ ಗುತ್ತಿಗೆಯೊಳಗೆ ಬಂದವು. ಸತ್ತ, ಸಾಯುತ್ತಿರುವ, ರೋಗ ಹಿಡಿದ, ಅಪಾಯಕಾರಿಯಾದ, ರಸ್ತೆಗೆ ಹಾನಿ ಮಾಡುವ, ಓಡಾಟಕ್ಕೆ ಅಡ್ಡಿಯಾಗುವ ಮರ ತೆಗೆದು ಸಸಿ ನೆಡುತ್ತೇವೆ ಅನ್ನೋದು ಕೌನ್ಸಿಲ್ ಮಾತು. ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಬೇರು ಎದ್ದ ಫುಟ್‌ಪಾತಿನ ಮೇಲೆ ವೀಲ್‌ಚೇರ್ ತಳ್ಳುವ ಕಷ್ಟ ಕೇರ್ ಕೆಲಸದಲ್ಲಿರುವ ನಮ್ಮವರಿಗೇ ಚೆನ್ನಾಗಿ ಗೊತ್ತು.

ಆದರೆ ಗಟ್ಟಿಮುಟ್ಟಾಗಿದ್ದ ಮರಗಳೂ ಉರುಳತೊಡಗಿದಾಗ ಬೀದಿಯವರು ಪ್ರಶ್ನೆ ಎತ್ತಿದರು. ಬೇರು ಕಲ್ಲನ್ನು ಎತ್ತಿದ್ದರೆ ಕಲ್ಲನ್ನೇ ತೆಳುವಾಗಿ ಕೊರೆದು ಕೂರಿಸಬಹುದಲ್ಲ, ಮರ ಯಾಕೆ ಕಡಿಯಬೇಕು ಅಂತ. ಕೆಲವರು ಮರದ ಬುಡದಲ್ಲಿ ನಿಂತರು. 2016ರ ನವೆಂಬರ್ 17ರಂದು ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ ಎಂಡ್‌ಕ್ಲಿಫ್ ಪಾರ್ಕಿನ ಪಕ್ಕದ ರಸ್ಟ್ಲಿಂಗ್ಸ್ ರೋಡಿಗೆ ಪೊಲೀಸರ ಜೊತೆ ಗರಗಸದವರು ಬಂದರು. ಮಲಗಿದ್ದವರನ್ನು ಎಬ್ಬಿಸಿ ಕಾರು ತೆಗೆಸಿದರು. ಎಂಟು ಲೈಮ್ ಮರ ಉರುಳಿದವು. (ಲೈಮ್ ಅಂದರೆ ನಿಂಬೆ ಅಲ್ಲ, ಇಲ್ಲಿನ ಒಂದು ದೊಡ್ಡ ನೆರಳಿನ ಮರ.) ಅಡ್ಡ ನಿಂತು ಬಂಧನಕ್ಕೊಳಗಾದವರಲ್ಲಿ 70ರ ಆಸುಪಾಸಿನ ಇಬ್ಬರು ನಿವೃತ್ತ ಮಹಿಳೆಯರಿದ್ದರು. ಅವರ ಮೇಲಿನ ಕೇಸು ಆಮೇಲೆ ಕೈಬಿಟ್ಟರು.

ಇದಕ್ಕೆ ಸುಮಾರು ಒಂದು ತಿಂಗಳ ಹಿಂದೆ, 2016ರ ಅಕ್ಟೋಬರ್ 16ರ ಭಾನುವಾರ, ಬೆಂಗಳೂರಿನಲ್ಲಿ ಸಾವಿರಾರು ಜನ ಕೈಕೈ ಹಿಡಿದು ಮಾನವ ಸರಪಳಿ ಕಟ್ಟಿದ್ದರು. ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಗೆ 812 ಮರ ಬಲಿ ಹೋಗುತ್ತವೆ, ಬೇಡ ಅಂತ. ನಮ್ಮಲ್ಲಿ ಕೆಲವರ ಅಣ್ಣ ತಮ್ಮಂದಿರು, ಸ್ನೇಹಿತರು ಆ ಸರಪಳಿಯಲ್ಲಿ ನಿಂತಿದ್ದವರೇ. 2017ರ ಮಾರ್ಚಿನಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಶೆಫೀಲ್ಡಿನವರಿಗೆ ಇನ್ನೂ ಒಂದು ವರ್ಷ ಹಿಡಿಯಿತು.

ಇಲ್ಲಿ ಕೆಲಸಕ್ಕೆ ಬಂದದ್ದು ಕಾಗದ. ಒಪ್ಪಂದದ ಒಳಗೆ ಏನಿದೆ ತೋರಿಸಿ ಅಂತ ಜನ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತಲೇ ಹೋದರು. 2018ರಲ್ಲಿ ಗುಟ್ಟು ಹೊರಬಿತ್ತು: 17,500 ಮರ ಬದಲಿಸಬೇಕು ಅಂತ ಒಪ್ಪಂದದಲ್ಲಿ ಅಂಕಿಯೇ ಇತ್ತು. ಅಂದರೆ ಹತ್ತಿರ ಹತ್ತಿರ ಅರ್ಧ! ಅದೇ ಮಾರ್ಚಿನಲ್ಲಿ ಕಡಿಯುವುದು ನಿಂತಿತು. ಅಷ್ಟರಲ್ಲಿ 5,000ಕ್ಕೂ ಹೆಚ್ಚು ಮರ ಹೋಗಿದ್ದವು. ಚೆಲ್ಸಿ ರೋಡಿನ ನೂರು ದಾಟಿದ ಎಲ್ಮ್ ಮರ ಉಳಿದುಕೊಂಡಿತು. ಅದರ ಎಲೆಯನ್ನೇ ನಂಬಿ ಬದುಕುವ ಅಪರೂಪದ ಒಂದು ಚಿಟ್ಟೆಯೂ ಜೊತೆಗೆ ಉಳಿಯಿತು.

ಬಿಕಾಂನಲ್ಲಿ ನಾವೆಲ್ಲ ಸವಕಳಿ ಅಂತ ಒಂದು ಪಾಠ ಓದಿರುತ್ತೇವೆ. ಯಂತ್ರ, ಕಾರು, ಕಂಪ್ಯೂಟರ್ ಕೊಂಡ ದಿನದಿಂದ ಬೆಲೆ ಇಳಿಯುತ್ತಾ ಹೋಗುತ್ತದೆ. ಮರದ್ದು ಉಲ್ಟಾ. ಸಸಿಯಾಗಿದ್ದಾಗ ಅದರ ಬೆಲೆ ಏನೂ ಇಲ್ಲ, ಐವತ್ತು ವರ್ಷಕ್ಕೆ ಒಂದು ಬೀದಿಗೇ ನೆರಳು ಕೊಡುತ್ತದೆ. ಆದರೆ ರಸ್ತೆಯ ಲೆಕ್ಕದ ಪುಸ್ತಕದಲ್ಲಿ ನೆರಳಿಗೆ ಕಾಲಂ ಇಲ್ಲ. ಬೇರು ಎತ್ತಿದ ಕಲ್ಲಿನ ರಿಪೇರಿಗೆ ಕಾಲಂ ಇದೆ. ಆ ಲೆಕ್ಕದಲ್ಲಿ ದೊಡ್ಡ ಮರ ಖರ್ಚು, ಸಣ್ಣ ಸಸಿ ಉಳಿತಾಯ. ಹಾಗಂತ ಮರಕ್ಕೆ ಬೆಲೆ ಕಟ್ಟೋಕೆ ಆಗೋದೇ ಇಲ್ಲ ಅಂತೇನಿಲ್ಲ. ಕಾಂಡದ ದಪ್ಪ, ಮರದ ಆರೋಗ್ಯ, ಸುತ್ತ ಎಷ್ಟು ಜನ ವಾಸ ಇದ್ದಾರೆ ಅಂತ ನೋಡಿ ಪೌಂಡಿನಲ್ಲಿ ಬೆಲೆ ಹೇಳುವ ಕ್ಯಾವ್ಯಾಟ್ ಎಂಬ ಪದ್ಧತಿ ಈ ದೇಶದಲ್ಲಿದೆ. ಯಾವ ಕಾಲಂ ಇಡಬೇಕು, ಯಾವುದು ಬಿಡಬೇಕು ಅಂತ ಸಹಿ ಹಾಕುವ ಮೊದಲೇ ಯಾರಾದರೂ ಕೇಳಬೇಕಿತ್ತು.

ಕೊನೆಗೆ ವಿಚಾರಣೆ ನಡೆಸಿದವರು ಸರ್ ಮಾರ್ಕ್ ಲೋಕಾಕ್. ವಿಶ್ವಸಂಸ್ಥೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಅವರೂ ಲೆಕ್ಕಪತ್ರದ ಪರೀಕ್ಷೆ ಪಾಸು ಮಾಡಿದವರೇ ಅನ್ನೋದು ನಮ್ಮ ಕಸುಬಿನವರಿಗೆ ಖುಷಿಯ ವಿಷಯ. 2023ರ ಮಾರ್ಚಿನಲ್ಲಿ ಬಂದ ಅವರ ವರದಿ, ಕೌನ್ಸಿಲ್ ಜನರನ್ನೂ ನ್ಯಾಯಾಲಯವನ್ನೂ ದಾರಿ ತಪ್ಪಿಸಿತ್ತು ಎಂದಿತು. ಜೂನ್‌ನಲ್ಲಿ ಕೌನ್ಸಿಲ್ ಬಹಿರಂಗವಾಗಿ ಕ್ಷಮೆ ಕೇಳಿತು. ಅದಕ್ಕೂ ಮೊದಲೇ, 2021ರ ಮೇ 6ರಂದು ಊರಿನವರು ಜನಮತ ಹಾಕಿ ಆಡಳಿತದ ಪದ್ಧತಿಯನ್ನೇ ಬದಲಿಸಿದ್ದರು. ಕೆಲವೇ ಮಂದಿ ಕೂತು ತೀರ್ಮಾನ ಮಾಡುವುದು ಬೇಡ, ಎಲ್ಲ ಸದಸ್ಯರೂ ಇರುವ ಸಮಿತಿಗಳು ಬೇಕು ಅಂತ. ಆ ಬೇಡಿಕೆಗೆ ಬಲ ಬಂದದ್ದರಲ್ಲಿ ಮರಗಳ ಜಗಳದ್ದೂ ಪಾಲಿದೆ.

ನಮ್ಮ ಪಾಲು ಎಷ್ಟು?

ಈಗ ನಮ್ಮ ವಿಷಯಕ್ಕೆ ಬರೋಣ. ಶೆಫೀಲ್ಡ್ ಒಂದೇ ಅಲ್ಲ. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್, ನಮ್ಮವರು ಹೆಚ್ಚಾಗಿರುವ ಎಷ್ಟೋ ಊರುಗಳು ಒಂದು ಕಾಲದ ಕಾರ್ಖಾನೆ ಊರುಗಳೇ. ಕೆಳಗಿನ ಮಾತು ಇಂಗ್ಲೆಂಡಿನಲ್ಲಿರುವ ಎಲ್ಲರಿಗೂ ಅನ್ವಯಿಸುತ್ತದೆ.

ಒಂದು, ದುಡ್ಡು. ಪಾರ್ಕು ನಡೆಯುವುದರಲ್ಲಿ ಕೌನ್ಸಿಲ್ ಟ್ಯಾಕ್ಸಿನ ಪಾಲಿದೆ. ಮನೆ ಬಾಡಿಗೆಗೆ ಹಿಡಿದವರು ಅದನ್ನು ನೇರವಾಗಿ ಕಟ್ಟುತ್ತಾರೆ. ಒಂದೊಂದೇ ರೂಮು ಬಾಡಿಗೆಗಿರುವ ಮನೆಗಳಲ್ಲಿ ಸಾಮಾನ್ಯವಾಗಿ ಮಾಲೀಕರು ಕಟ್ಟಿ, ಬಾಡಿಗೆಯೊಳಗೆ ಸೇರಿಸಿಕೊಳ್ಳುತ್ತಾರೆ. ಅಂದರೆ ನಮ್ಮ ಜೇಬಿನಿಂದಲೂ ಹೋಗಿದೆ. ಸುಮ್ಮನೆ ಬಂದು ಕೂತವರಲ್ಲ ನಾವು.

ಎರಡು, ವೀಸಾ. ಪಬ್ಲಿಕ್ ಫಂಡ್ಸ್ ಅನ್ನೋದು ಸರ್ಕಾರ ಪಟ್ಟಿ ಮಾಡಿರುವ ಭತ್ಯೆಗಳು, ಕೌನ್ಸಿಲ್ ಮನೆ ಮುಂತಾದವು. ಪಾರ್ಕಿನಲ್ಲಿ ನಡೆಯುವುದು, ಆಟದ ಬಯಲಿನಲ್ಲಿ ಮಕ್ಕಳನ್ನು ಆಡಿಸುವುದು, ಲೈಬ್ರರಿಗೆ ಹೋಗುವುದು ಆ ಪಟ್ಟಿಯಲ್ಲಿಲ್ಲ. ಭಯ ಬೇಡ.

ಮೂರು, ಮತ. ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ಕಾಮನ್‌ವೆಲ್ತ್ ಪ್ರಜೆಗಳು. ಕ್ರಮಬದ್ಧ ವೀಸಾ ಮೇಲೆ ಇಲ್ಲಿ ವಾಸ ಇರುವ, 18 ತುಂಬಿದ ಕಾಮನ್‌ವೆಲ್ತ್ ಪ್ರಜೆಗಳು ಇಲ್ಲಿನ ಮತದಾರರ ಪಟ್ಟಿಗೆ ಸೇರಬಹುದು. ಕೌನ್ಸಿಲ್ ಚುನಾವಣೆಗೂ ಸರಿ, ಪಾರ್ಲಿಮೆಂಟಿಗೂ ಸರಿ. ನೋಂದಣಿಗೆ ಖರ್ಚಿಲ್ಲ. ಮತಗಟ್ಟೆಯಲ್ಲಿ ಫೋಟೋ ಇರುವ ಗುರುತಿನ ಚೀಟಿ ಕೇಳುತ್ತಾರೆ, ನಮ್ಮ ಪಾಸ್‌ಪೋರ್ಟ್ ನಡೆಯುತ್ತದೆ. ನಿಮ್ಮ ಬೀದಿಯ ಮರ, ಪಾರ್ಕಿನ ದೀಪ, ಮಕ್ಕಳ ಉಯ್ಯಾಲೆ ಇವುಗಳ ಬಗ್ಗೆ ತೀರ್ಮಾನ ಮಾಡುವವರು ಈ ಕೌನ್ಸಿಲರುಗಳೇ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ನೀವು ಬರೆದ ಈಮೇಲಿಗೂ ತೂಕ ಬೇರೆ.

ನಾಲ್ಕು, ಮಣ್ಣು. ಇಲ್ಲಿನ ಕೌನ್ಸಿಲ್‌ಗಳು ತರಕಾರಿ ಬೆಳೆಯಲು ಸಣ್ಣ ಸಣ್ಣ ತುಂಡು ಭೂಮಿ ವರ್ಷದ ಬಾಡಿಗೆಗೆ ಕೊಡುತ್ತವೆ, ಅಲಾಟ್‌ಮೆಂಟ್ ಅಂತಾರೆ. ಹಳೇ ಅಳತೆಯ ಒಂದು ಪೂರ್ತಿ ತುಂಡು ಅಂದರೆ ಸುಮಾರು 250 ಚದರ ಮೀಟರ್. ಅರ್ಧ, ಕಾಲು ಕೂಡ ಕೊಡುತ್ತಾರೆ. ಬಹಳ ಕಡೆ ಸರದಿ ಪಟ್ಟಿ ಉದ್ದ ಇರುತ್ತದೆ, ಹೆಸರು ಇವತ್ತೇ ಬರೆಸಿ. 1908ರ ಕಾಯ್ದೆಯೊಂದು ಇದೆ: ಊರಿನ ಆರು ಜನ ಮತದಾರರು ಅಥವಾ ಕೌನ್ಸಿಲ್ ಟ್ಯಾಕ್ಸ್ ಕಟ್ಟುವವರು ಒಟ್ಟಾಗಿ ಅಲಾಟ್‌ಮೆಂಟ್ ಬೇಕು ಅಂತ ಬರೆದುಕೊಟ್ಟರೆ ಕೌನ್ಸಿಲ್ ಅದನ್ನು ಪರಿಗಣಿಸಲೇಬೇಕು. ಆರು ಜನ ಕನ್ನಡದವರು ಯಾವ ಊರಲ್ಲಿ ಸಿಗಲ್ಲ ಹೇಳಿ? ಮೇ ತಿಂಗಳ ಕೊನೆಗೆ ಚಳಿ ಬಿಟ್ಟ ಮೇಲೆ ಮೆಂತ್ಯ, ಕೊತ್ತಂಬರಿ, ದಂಟು ಬಿತ್ತಿದರೆ ಬೇಸಿಗೆಯಲ್ಲಿ ಮನೆಗಾಗುವಷ್ಟು ಸೊಪ್ಪು ಬರುತ್ತದೆ.

ನಮ್ಮಲ್ಲಿ ಬಹಳ ಜನ ಎರಡು ಮೂರು ವರ್ಷ ದುಡಿದು ಹೊರಡುವವರು, ಇಲ್ಲಿನ ಊರಿನ ಉಸಾಬರಿ ನಮಗ್ಯಾಕೆ ಅನ್ನುತ್ತಾರೆ. ಮಾತು ಸರಿ ಅನ್ನಿಸಬಹುದು. ಆದರೆ ಆ ಮೂರು ವರ್ಷ ಉಸಿರಾಡುವ ಗಾಳಿ ಇಲ್ಲಿಯದೇ. ಮಕ್ಕಳ ಬಾಲ್ಯದ ಮೂರು ವರ್ಷವೂ ಇಲ್ಲೇ ಕಳೆಯುತ್ತದೆ. ಮಾತಾಡಲು ಜನ ಸಿಗದೆ ರೂಮಿನಲ್ಲೇ ಕೊರಗುವ ಹುಡುಗರನ್ನು ನಾವು ನೋಡುತ್ತಲೇ ಇದ್ದೇವೆ. ಅಂಥವರಿಗೆ ಪಾರ್ಕಿನ ಒಂದು ಬೆಂಚು, ನಾಯಿ ಜೊತೆ ದಿನಾ ಬರುವ ಒಬ್ಬ ಅಜ್ಜಿಯ ನಮಸ್ಕಾರ ಎಷ್ಟೋ ಧೈರ್ಯ ಕೊಡುತ್ತದೆ.

ಹಾಗಾಗಿ ಈ ತಿಂಗಳು ಎರಡು ಕೆಲಸ ಮಾಡಿ. ರಜೆ ಇರುವ ದಿನ ಬುತ್ತಿ ಕಟ್ಟಿಕೊಂಡು ಮನೆಗೆ ಹತ್ತಿರದ ಪಾರ್ಕಿಗೆ ಹೋಗಿ, ರೂಮ್‌ಮೇಟನ್ನೂ ಎಬ್ಬಿಸಿಕೊಂಡು ಹೋಗಿ. ಬಂದ ಮೇಲೆ ಹತ್ತು ನಿಮಿಷ ಕೂತು ಮತದಾರರ ಪಟ್ಟಿಗೆ ಹೆಸರು ಸೇರಿಸಿ. ಫಾರಂ ತುಂಬೋದು ಗೊತ್ತಾಗದಿದ್ದರೆ ನಮ್ಮ ಮುಂದಿನ ಸಭೆಗೆ ಪಾಸ್‌ಪೋರ್ಟ್ ಮತ್ತು ನ್ಯಾಷನಲ್ ಇನ್ಶೂರೆನ್ಸ್ ನಂಬರ್ ತನ್ನಿ, ಕೂತು ತುಂಬಿಕೊಡುತ್ತೇವೆ. ಅಲಾಟ್‌ಮೆಂಟ್ ಅರ್ಜಿಗೆ ಆರು ಸಹಿಯ ಹಾಳೆಯನ್ನೂ ಅಲ್ಲೇ ಇಟ್ಟಿರುತ್ತೇವೆ.